ಆಣೆ ಹಾಕದೆ ಹೊರಟವಳು

ಆ ದಿನ ಬೆಳಿಗ್ಗೆಯೂ ನಾನು ಎಂದಿನಂತೆ ಮೊದಲು ಡಿಶ್‌ವಾಷರ್ ಖಾಲಿ ಮಾಡಿದೆ. ಸ್ಟೀಲ್ ಲೋಟಗಳ ತಳದಲ್ಲಿ ನಿಂತಿದ್ದ ನೀರನ್ನು ಒರೆಸಿ, ಡಿಕಾಕ್ಷನ್ ಇಳಿದಿದೆಯೇ ನೋಡಿ, ಹಾಲು ಕಾಯಲು ಇಟ್ಟೆ. ನಮ್ಮವರು ಕಸದ ಡಬ್ಬಿಯನ್ನು ರಸ್ತೆಯಂಚಿಗೆ ಎಳೆದುಕೊಂಡು ಹೋಗುವ ಗಡಗಡ ಸದ್ದು ಕೇಳಿಸುತ್ತಿತ್ತು. ವರ್ಜೀನಿಯಾದ ಆಶ್‌ಬರ್ನಿನ ನಮ್ಮ ಟೌನ್‌ಹೌಸ್ ಸಾಲಿಗೆ ವಾರಕ್ಕೊಮ್ಮೆ ಅದೇ ಸುಪ್ರಭಾತ. ಹೊಸದೆಂದರೆ ಬಾಗಿಲ ಬಳಿ ನಿಂತಿದ್ದ ಮಗಳ ನೀಲಿ ಸೂಟ್‌ಕೇಸು. ಮಧ್ಯಾಹ್ನ ಡಲ್ಲೆಸ್ ಏರ್‌ಪೋರ್ಟಿನಿಂದ ಅವಳು ಜರ್ಮನಿಗೆ ಹೊರಟಿದ್ದಳು, ಕಾಲೇಜಿನ ಬೇಸಿಗೆ ಕೋರ್ಸಿಗೆ. ಅವಳಿಗೆ ಹತ್ತೊಂಬತ್ತು ವರ್ಷ.

ಆ ಹತ್ತೊಂಬತ್ತೇ ಕೆಲವು ದಿನಗಳಿಂದ ನಮ್ಮ ಮನೆಯ ಮಾತಾಗಿತ್ತು. ವರ್ಜೀನಿಯಾದಲ್ಲಿ ಇಪ್ಪತ್ತೊಂದು ತುಂಬುವ ತನಕ ಅವಳು ಒಂದು ಬಿಯರ್ ಕೊಳ್ಳುವಂತಿಲ್ಲ. ಜರ್ಮನಿಯಲ್ಲಿ ಬಿಯರು, ವೈನಿಗೆ ಹದಿನಾರೇ ಸಾಕಂತೆ, ವಿಸ್ಕಿಯಂಥವಕ್ಕೆ ಹದಿನೆಂಟು. ಅಮೆರಿಕದ ಪಾಸ್‌ಪೋರ್ಟ್ ಇಟ್ಟುಕೊಂಡು ಹೋದರೂ ಅಲ್ಲಿರುವಷ್ಟು ದಿನ ಅಲ್ಲಿಯದೇ ಕಾನೂನು. ಕಾಲೇಜಿನವರು ತಂದೆತಾಯಿಯರನ್ನೆಲ್ಲ ಜೂಮ್‌ನಲ್ಲಿ ಕೂರಿಸಿ ಬಿಡಿಸಿ ಹೇಳಿದ್ದರು. ಕುಡಿಯುವುದು ಅಲ್ಲಿ ಅಪರಾಧವಲ್ಲ, ಆದರೆ ಕುಡಿದು ಗಲಾಟೆ ಮಾಡಿದವರನ್ನು ಮನೆಗೆ ಕಳಿಸುತ್ತೇವೆ, ವಾಪಸು ಬರುವಾಗ ಇಪ್ಪತ್ತೊಂದಾಗದವರು ಬಾಟಲಿ ತರುವಂತಿಲ್ಲ ಎಂದು. ನಮ್ಮವರು ಧಾರವಾಡದವರು, ಎಲ್ಲದಕ್ಕೂ ನಗುವವರು. "ಅಂದ್ರ ಡಲ್ಲೆಸ್‌ನಾಗ ಹತ್ತುವಾಗ ಕೂಸು, ಇಳಿಯೂದ್ರಾಗ ದೊಡ್ಡಾಕಿ" ಎಂದಿದ್ದರು. ನನಗೆ ನಗು ಬಂದಿರಲಿಲ್ಲ.

ಸುದ್ದಿ ಧಾರವಾಡದಲ್ಲಿರುವ ನಮ್ಮ ಅತ್ತೆಯವರಿಗೂ ಮುಟ್ಟಿತ್ತು. ದಿನಾ ನಮ್ಮ ಕಾಫಿಯ ಹೊತ್ತಿಗೆ ಅವರ ವಿಡಿಯೊ ಕಾಲ್ ಬರುತ್ತದೆ. ಅಲ್ಲಿ ಆಗ ಸಂಜೆ. ಅಂದು ಹಣೆಗೆ ವಿಭೂತಿ ಹಚ್ಚಿಕೊಂಡು, ಕನ್ನಡಕ ಒರೆಸಿಕೊಂಡು, ನೆಟ್ಟಗೆ ಕೂತಿದ್ದರು.

"ಅಕಿನ್ನ ಕರಿಯವಾ" ಎಂದರು. "ನಿನ್ನ ತಲಿ ಮ್ಯಾಲ ಕೈ ಇಡಿಸಿ ಆಣಿ ಹಾಕಿಸ್ಕೊ, ಒಂದು ಹನಿ ಮುಟ್ಟಂಗಿಲ್ಲ ಅಂತ. ಆಣಿ ಹಾಕಲಿಲ್ಲಂದ್ರ ನಾ ಆಶೀರ್ವಾದ ಮಾಡಂಗಿಲ್ಲ ನೋಡು."

ಇದು ಸಣ್ಣ ಮಾತಲ್ಲ. ಅತ್ತೆಯವರ ಆಶೀರ್ವಾದವಿಲ್ಲದೆ ನಮ್ಮ ಮನೆಯಿಂದ ಯಾರೂ ದೂರ ಹೊರಟಿಲ್ಲ. ಡ್ರೈವಿಂಗ್ ಟೆಸ್ಟಿಗೆ ಹೋಗುವಾಗಲೂ ಮಗಳು ಫೋನಿನ ಪರದೆಗೆ ತಲೆ ಬಾಗಿಸಿ ಹೋದವಳು. ಇನ್ನು ನನಗೂ ಆ ಆಣೆ ಬೇಕಾಗಿತ್ತು. ಅಮ್ಮನ ತಲೆ ಮುಟ್ಟಿ ಆಡಿದ ಮಾತು ವಿಮಾನದಲ್ಲಿ ಅವಳ ಪಕ್ಕದ ಸೀಟಿನಲ್ಲೇ ಕೂತು ಹೋಗುತ್ತದೆ ಎಂಬ ಧೈರ್ಯ.

ಮಗಳು ಒದ್ದೆ ಕೂದಲಲ್ಲಿ, ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡು ಮೆಟ್ಟಿಲಿಳಿದು ಬಂದಳು. ಅಜ್ಜಿ ಇನ್ನೊಮ್ಮೆ ಹೇಳಿದರು. ನಾನು ಕೂದಲಿನ ಕ್ಲಿಪ್ ತೆಗೆದು ಅವಳ ಮುಂದೆ ತಲೆ ಬಾಗಿಸಿ ನಿಂತೆ. ಅವಳ ಕೈ ನನ್ನ ತಲೆಗೆ ಬರಲಿಲ್ಲ.

"ಅಜ್ಜಿ, ನಾನು ಆಣೆ ಮಾಡಲ್ಲ" ಎಂದಳು.

"ಯಾಕ? ಕುಡೀಬೇಕಂತ ಮಾಡೀಯೇನು?"

"ಇಲ್ಲ ಅಜ್ಜಿ. ನಂಗೆ ಅದರ ಸ್ಮೆಲ್ಲೇ ಇಷ್ಟ ಇಲ್ಲ. ಬಟ್ ಅಲ್ಲಿ ಹೋದ್ಮೇಲೆ ಏನಾಗತ್ತೆ, ನಂಗೆ ಗೊತ್ತಿಲ್ಲ." ಕನ್ನಡದ ಪದಕ್ಕಾಗಿ ಸ್ವಲ್ಪ ತಡಕಾಡಿದಳು. "ಗೊತ್ತಿಲ್ಲದೇ ಇರೋದನ್ನ ಅಮ್ಮನ ತಲೆ ಮೇಲೆ ಹೇಗೆ ಇಡೋದು? ಅಮ್ಮ ಕೇಳಿದ್ರೆ ನಿಜ ಹೇಳ್ತೀನಿ. ಕುಡಿದ್ರೆ ಕುಡಿದೆ ಅಂತ ಹೇಳ್ತೀನಿ. ಐ ಕ್ಯಾನ್ ಡೂ ದಟ್. ನೀವೂ ಕೇಳಿ."

ನಮ್ಮವರು ಬೇಸ್‌ಮೆಂಟಿನ ಮೆಟ್ಟಿಲಲ್ಲಿ ಲ್ಯಾಪ್‌ಟಾಪ್ ಹಿಡಿದು ನಿಂತೇಬಿಟ್ಟಿದ್ದರು. ಹಾಲು ಉಕ್ಕಿ ಒಲೆಯ ಮೇಲೆ ಸುರಿಯಿತು, ಯಾರೂ ಕದಲಲಿಲ್ಲ. ನಾನಂತೂ ಬಾಗಿಸಿದ ತಲೆಯನ್ನೇ ಎತ್ತಿರಲಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ನಾವು ಹುಡುಗಿಯರೆಲ್ಲ ಗಂಟಲಿನ ಚರ್ಮ ಚಿಮುಟಿ ಹಿಡಿದು "ಗಾಡ್ ಪ್ರಾಮಿಸ್" ಅನ್ನುತ್ತಿದ್ದೆವು. ಹೋಮ್‌ವರ್ಕ್ ಮಾಡದೇ ಬಂದವಳ ಚಿಮುಟೇ ಎಲ್ಲರಿಗಿಂತ ಗಟ್ಟಿ. ನನ್ನ ಮಗಳೂ ಹಾಗೆ ಒಂದು ಸಲ ತಲೆ ಮುಟ್ಟಿ ಅಜ್ಜಿಯನ್ನೂ ನನ್ನನ್ನೂ ಖುಷಿಪಡಿಸಿ ಹೊರಡಬಹುದಿತ್ತು. ಆ ಸುಲಭದ ದಾರಿ ಅವಳಿಗೆ ಬೇಡವಾಗಿತ್ತು.

ಅತ್ತೆಯವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಅಲ್ಲವಾ, ಆಣಿ ಹಾಕಿ ಹೋಗಿದ್ರ ನನಗರ ಏನು ಗೊತ್ತಾಗ್ತಿತ್ತು?" ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ದನಿ ಬದಲಾಯಿತು. "ಹುಡುಗಿ ಆಣಿಗೆ ಅಂಜತಾಳ. ಅಂದ್ರ ಆಣಿ ಅಂದ್ರ ಏನಂತ ಅಕಿಗೆ ತಿಳದೈತಿ. ನಮ್ಮ ಮನಿ ಕೂಸ ಅದು. ಬಾ, ತಲಿ ಬಗ್ಗಿಸು."

ನಾನು ಇನ್ನಷ್ಟು ಬಾಗಿದೆ.

"ನಿಂದಲ್ಲ, ಅಕೀದು" ಎಂದರು ಅತ್ತೆ.

ಮಗಳು ನಗುತ್ತ ಪರದೆಗೆ ತಲೆ ತಾಗಿಸಿದಳು. ಹೊರಡುವಾಗ ಮೊಸರು ಸಕ್ಕರೆ ಕೊಟ್ಟೆ. ಚಮಚ ನೆಕ್ಕಿ ತಾನೇ ಸಿಂಕಿಗೆ ಹಾಕಿದಳು. ಸೆಕ್ಯುರಿಟಿ ಸಾಲಿನ ತನಕ ಜೊತೆಗೆ ನಡೆದೆ. ಹುಷಾರು, ಊಟ ಮಾಡು, ಇಳಿದ ಕೂಡಲೇ ಮೆಸೇಜ್ ಮಾಡು ಎಂದೆ. ಬಿಯರಿನ ಮಾತು ಎತ್ತಲಿಲ್ಲ. ಅವಳು ಶೂ ಕಳಚಿ ಟ್ರೇಯಲ್ಲಿಡುವಾಗ ಹಿಂದಿದ್ದ ಮುದುಕರಿಗೆ ದಾರಿ ಬಿಟ್ಟು ನಿಂತದ್ದು ಕಂಡಿತು. ಆ ಬೆನ್ನನ್ನು ನೋಡುತ್ತ ನಾನೂ ಸ್ವಲ್ಪ ನೆಟ್ಟಗೆ ನಿಂತೆ.

ಮನೆಗೆ ಬಂದಾಗ ಸಂಜೆಯ ಬಿಸಿಲು ಇನ್ನೂ ಗ್ಯಾರೇಜುಗಳ ಮೇಲಿತ್ತು. ಪಕ್ಕದ ಮನೆಯ ಬೆಂಗಳೂರಿನವರು ಖಾಲಿ ಕಸದ ಡಬ್ಬಿ ಒಳಗೆಳೆದುಕೊಳ್ಳುತ್ತಿದ್ದರು. ಅವರ ಮಗ ಹೋದ ವರ್ಷ ಹೀಗೆಯೇ ಸ್ಪೇನಿಗೆ ಹೋಗಿ ಬಂದವನು.

"ಕಳಿಸಿ ಬಂದ್ರಾ? ಆಣೆ ಗೀಣೆ ಮಾಡಿಸ್ಕೊಂಡ್ರಾ ಇಲ್ವಾ?" ಎಂದು ಕೇಳಿದರು.

"ಮಾಡಲ್ಲ ಅಂದ್ಲು ರೀ. ಕೇಳಿದ್ರೆ ನಿಜ ಹೇಳ್ತೀನಿ ಅಂದ್ಲು" ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು.

"ಅದೇ ವಾಸಿ ಬಿಡಿ" ಎಂದರು ಅವರು, ಡಬ್ಬಿಯ ಮುಚ್ಚಳ ಸರಿಮಾಡುತ್ತ. "ನಮ್ಮವನು ಎರಡೂ ಕೈ ನನ್ನ ತಲೆ ಮೇಲಿಟ್ಟು ಹೋದ. ಆ ವಾರದ ಫೋಟೊದಲ್ಲಿ ಅದೇ ಎರಡು ಕೈಯಲ್ಲಿ ಒಂದೊಂದು ಗ್ಲಾಸು. ನನ್ನ ತಲೆಗೇನೂ ಆಗಿಲ್ಲ ಅನ್ನಿ, ಡೈ ಮಾತ್ರ ಬೇಗ ಬೇಗ ಹಚ್ಚಬೇಕಾಗಿದೆ."