ಡೂನಾ ಬೇಕೆಂದ ಅತಿಥಿ

ಟ್ರಿಣ್ ಟ್ರಿಣ್ ಎಂದು ಫೋನು ಹೊಡೆದುಕೊಂಡಾಗ, ಹೋಟೆಲಿನಲ್ಲಿ ಎಲ್ಲರೂ ಅತ್ತೆಮ್ಮ ಎಂದು ಕರೆಯುವ ಬಟ್ಟೆಕೋಣೆಯ ಹೆಂಗಸಿನ ಕೈಯಲ್ಲಿ ಅರ್ಧ ಮಡಿಸಿದ ಹಾಸುಬಟ್ಟೆಯಿತ್ತು. ಏಳನೇ ತರಗತಿಯವರೆಗಷ್ಟೇ ಓದಿದ ಅವರಿಗೆ ಅತಿಥಿಗಳ ಇಂಗ್ಲಿಷ್ ತಿಳಿದೀತೇ ಎಂದು ನೋಡಲು ಹೊಸ ಮ್ಯಾನೇಜರು ಎದುರಿಗೇ ಕುಳಿತಿದ್ದ. ಒಂದು ತಪ್ಪಿದರೂ ಇಪ್ಪತ್ತು ವರ್ಷದಿಂದ ಅವರೇ ಎತ್ತುತ್ತಿದ್ದ ಆ ಫೋನು ಬೇರೆಯವರ ಪಾಲು.

ಸ್ಪೀಕರಿನಲ್ಲಿ ಆಸ್ಟ್ರೇಲಿಯಾದ ಅತಿಥಿಯೊಬ್ಬರ ದನಿ ಇಂಗ್ಲಿಷಿನಲ್ಲಿ, "ನನಗೊಂದು ಡೂನಾ ಬೇಕು" ಎಂದಿತು.

ಮ್ಯಾನೇಜರು ಕಣ್ಣು ಕಣ್ಣು ಬಿಟ್ಟ. ನಲ್ಲಿಗೆ ಟ್ಯಾಪ್ ಎನ್ನುವವರನ್ನೂ ಫಾಸೆಟ್ ಎನ್ನುವವರನ್ನೂ ಅರಗಿಸಿಕೊಂಡಿದ್ದ ಅತ್ತೆಮ್ಮನಿಗೂ ಡೂನಾ ಹೊಸದು. ಆದರೆ ಅವರು 'ಹಾಗಂದ್ರೇನು' ಎಂದು ಯಾರನ್ನೂ ಕೇಳಿದವರಲ್ಲ. ತಮ್ಮ ಹರಕುಮುರುಕು ಇಂಗ್ಲಿಷಿನಲ್ಲಿ ಎಂದಿನಂತೆ, "ತಲೆಗೋ, ಕಾಲಿಗೋ, ಮೈಗೋ?" ಎಂದರು.

"ಮೈಗೆ. ತುಂಬಾ ಚಳಿ."

"ಈಗ್ಲೇ ತಂದ್ಬಿಟ್ಟೆ, ನನ್ನಪ್ಪ." ಅತ್ತೆಮ್ಮ ಕಪಾಟಿನಿಂದ ದಪ್ಪ ರಜಾಯಿಯನ್ನೆಳೆದರು.

"ಅದಕ್ಕೆ ಡ್ಯೂವೆ ಅಂತಾರಲ್ವಾ?" ಎಂದ ಮ್ಯಾನೇಜರು.

"ಅದು ನಿಮ್ಮ ಪುಸ್ತಕದಲ್ಲಿ. ನಾನು ತವರಲ್ಲಿ ಸೌಟು ಅಂತಿದ್ದೆ, ಮದುವೆಯಾದ್ಮೇಲೆ ಗಂಡನ ಮನೇಲಿ ಅದೇ ಸೌಟಿಗೆ 'ಹುಟ್ಟು' ಅಂದ್ರು. ಬಡಿಸೋದೇನು ನಿಂತುಹೋಯ್ತಾ?"

ಮ್ಯಾನೇಜರು ನಗು ತಡೆಯಲಾರದೆ ಮೇಜು ಹಿಡಿದುಕೊಂಡ. "ಫೋನು ನಿಮ್ಮ ಹತ್ರಾನೇ ಇರಲಿ, ಅತ್ತೆಮ್ಮ. ಆದ್ರೆ ಆ ಡ್ಯೂವೆ ಅನ್ನೋ ಮಾತನ್ನೂ ಒಂದ್ಸಲ..."

"ಆಮೇಲೆ ಹೇಳಿ, ಅಲ್ಲೊಂದು ಜೀವ ನಡುಗ್ತಿದೆ. ಫೋನು ಮತ್ತೆ ಹೊಡ್ಕೊಂಡ್ರೆ ನೀವೇ ಎತ್ತಿ. ತಲೆಗೋ ಕಾಲಿಗೋ ಕೇಳೋದು ಮರೀಬೇಡಿ."

ಅತ್ತೆಮ್ಮ ರಜಾಯಿಯನ್ನು ಕೂಸಿನಂತೆ ಕಂಕುಳಲ್ಲೆತ್ತಿಕೊಂಡು, ಡೂನಾ ಡೂನಾ ಎಂದು ಗುನುಗುತ್ತ ಮೆಟ್ಟಿಲ ಕಡೆಗೆ ಹೊರಟೇಬಿಟ್ಟರು.