ತಿಂಗಳಿಗೆ ಐದು ಶುಚಿ ದಿನ

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಬಜಾರಿನ ಮೇಲ್ವಿಚಾರಕ ಮಮಸಾಲಿ, ಪೊಲೀಸರು ಕಳಿಸಿದ ಗುಟ್ಟಿನ ಕಾಗದವನ್ನು ನಾಲ್ಕಾಗಿ ಮಡಿಸಿ ತನ್ನ ಬಿಳಿ ಉಣ್ಣೆಯ ಟೋಪಿಯೊಳಗೆ ಇಟ್ಟುಕೊಳ್ಳುತ್ತಾನೆ. ಬಾಂಬಿನ ಬೆದರಿಕೆ ಬಂದಾಗಲೆಲ್ಲ ಅವನ ಕ್ರಮ ಇದೇ. ಆಮೇಲೆ ಮೂರು ಸಲ ಕೆಮ್ಮಿ, ಧ್ವನಿವರ್ಧಕದಲ್ಲಿ, “ಇವತ್ತು ಶುಚಿ ದಿನ, ಅಂಗಡಿ ಮುಚ್ಚಿ ಮನೆಗೆ ಹೋಗಿ” ಎನ್ನುತ್ತಾನೆ. ಬಜಾರು ಮುಚ್ಚಿ ಗುಡಿಸಿ ತೊಳೆಯುವ ಶುಚಿ ದಿನವೆಂಬುದು ಸೋವಿಯತ್ ಕಾಲದಿಂದಲೂ ತಿಂಗಳಿಗೆ ಒಂದೇ, ಕೊನೆಯ ಸೋಮವಾರ. ಮಮಸಾಲಿ ಈ ತಿಂಗಳಲ್ಲೇ ಐದು ಮಾಡಿದ್ದಾನೆ. ರೊಟ್ಟಿ ಮಾರುವ ಬುರುಲ್ ಅಕ್ಕ ಕೂತಲ್ಲಿಂದ ಏಳುವುದೇ ಇಲ್ಲ. “ಏನಪ್ಪಾ ಮಮಸಾಲಿ, ಹೀಗೇ ಗುಡಿಸ್ತಿದ್ರೆ ನೆಲ ಸವೆದು ಭೂಮಿಯ ಆ ಕಡೆ ಕಾಣ್ಸುತ್ತೆ ನೋಡು!” “ನನ್ನ ಮಾತು ಕೇಳಕ್ಕಾ, ಇವತ್ತೊಂದು ದಿನ ಹೋಗು.” “ಯಾಕೆ ಅಂತ ಹೇಳು, ಹೋಗ್ತೀನಿ.” ಅವನು ತಾನೇ ಪೊರಕೆ ಹಿಡಿದು ಒಂದೊಂದು ಮೂಟೆಯ ಹಿಂದೆ, ಒಂದೊಂದು ಕಟ್ಟೆಯ ಕೆಳಗೆ ಬಗ್ಗಿ ಬಗ್ಗಿ ನೋಡುತ್ತ ಸಂಜೆಯವರೆಗೂ ಗುಡಿಸುತ್ತಾನೆ. ಇದುವರೆಗಿನ ಕಾಗದಗಳೆಲ್ಲ ಸುಳ್ಳಾಗಿವೆ. ಒಂದು ನಿಜವಾಗುವ ದಿನವೂ ಅಂಗಡಿಯವರೆಲ್ಲ ಹೀಗೆಯೇ ಕೂತಿರುತ್ತಾರೆಂದು ಅವನಿಗೆ ಗೊತ್ತು. ಮೂರು ವರ್ಷದ ಹಿಂದೆ, ಒಂದೇ ಒಂದು ಸಲ, “ಬಾಂಬ್ ಇರಬಹುದು” ಎಂದು ಇದ್ದದ್ದನ್ನು ಇದ್ದಂತೆ ಹೇಳಿದ್ದ. ಜನರೆಲ್ಲ ಒಂದೇ ಬಾಗಿಲಿಗೆ ನುಗ್ಗಿದರು. ಸತ್ತವರೆಷ್ಟು ಎಂದು ವಿಚಾರಣೆಯಲ್ಲಿ ಕೇಳಿದಾಗ ಅವನು ಎದ್ದು ನಿಂತು ಹೇಳಿದ: “ಬಾಂಬಿಗೆ ಯಾರೂ ಇಲ್ಲ ಸಾಹೇಬರೇ. ನನ್ನ ಮಾತಿಗೆ ಆರು.”