ಊರಿಲ್ಲದ ಗುಂಗುರುಗಳು

ಮೋಡ ಕವಿದ ಸಂಜೆ ಚಿಕ್ಕಬಾಣಾವರದಲ್ಲಿ ರೈಲಿಳಿಯುವಾಗ ನನ್ನ ಪೆಟ್ಟಿಗೆ ಕೈಜಾರಿ ಕೆಸರಿಗೆ ಬಿತ್ತು. ಎರಡು ತಿಂಗಳು ಅಲೆದು ಹಿಡಿದು, ಸ್ಪಿರಿಟ್ಟಿನ ಸೀಸೆಗಳಲ್ಲಿಟ್ಟಿದ್ದ ಗುಂಗುರುಗಳು ಅದರಲ್ಲಿದ್ದವು. ಪುಟ್ಟೇನಹಳ್ಳಿ ಕೆರೆಯ ಒಂದು ಗುಂಗುರಿನ ರೆಕ್ಕೆಯ ನರ, ನೀಲಗಿರಿ ಬೆಟ್ಟದ ಕಾಡಿನ ಇನ್ನೊಂದರ ಹಾಗೆಯೇ ಕವಲೊಡೆದಿತ್ತು. ಅಷ್ಟು ದೂರದ ಎರಡೂ ಒಂದೇ ವಂಶದವೆಂದು ತೋರಿಸುವ ಆಸೆ ನನಗಿತ್ತು.

ಕೆಸರು ಹೊಕ್ಕ ಪೆಟ್ಟಿಗೆಯನ್ನು ಸ್ಟೇಷನ್ನಿನ ಟೀ ಅಂಗಡಿಯ ಮುಂದಿಟ್ಟು ನಾನು ಗೇಟಿನಲ್ಲಿ ಟಿಕೆಟ್ ಕೊಟ್ಟು ಬರುವಷ್ಟರಲ್ಲಿ ಅಂಗಡಿಯ ಮುದುಕಿ ಸೀಸೆಗಳನ್ನೆಲ್ಲ ತೊಳೆದು ಬೆಂಚಿನ ಮೇಲೆ ಸಾಲಾಗಿ ಜೋಡಿಸಿದ್ದಳು. ಒಂದೂ ಒಡೆದಿರಲಿಲ್ಲ. ಆದರೆ ಊರಿನ ಹೆಸರು ಬರೆದು ಮೈದಾ ಅಂಟಿನಿಂದ ಮೆತ್ತಿದ್ದ ಚೀಟಿಗಳು ಮಾಯವಾಗಿದ್ದವು.

“ಚೀಟಿಗಳೆಲ್ಲಮ್ಮಾ?”

“ನೆಂದು ಕಿತ್ತೋದ್ವು ಸಾಮಿ, ಒಲೆಗಾಕ್ದೆ. ಗುಂಗುರು ತಾನೆ? ಎಲ್ಲಾ ಊರ್ನಾಗೂ ಇಂಗೇ ಇರ್ತವೆ.”

ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಸೀಸೆಯ ಒಳಗೇ ಹಾಕಬೇಕೆಂದು ನಮ್ಮ ಪ್ರೊಫೆಸರು ನೂರು ಸಲ ಹೇಳಿದ್ದರು. ಸೋಮಾರಿತನ ನನ್ನದು. ಎಲ್ಲಿಯದೆಂದು ತಿಳಿಯದ ಹುಳುವಿಗೆ ಯಾವ ನೆಂಟಸ್ತಿಕೆ ಹೇಳುವುದು?

ಅವಳು ಕೊಟ್ಟ ಟೀಯಲ್ಲಿ ಒಂದು ಗುಂಗುರು ಬಿದ್ದು ಒದ್ದಾಡುತ್ತಿತ್ತು. ನನ್ನ ಹತ್ತಿರ ಇದ್ದವುಗಳಲ್ಲಿ ಅದೊಂದರ ಊರು ಮಾತ್ರ ನನಗೆ ಖಚಿತವಾಗಿ ಗೊತ್ತಿತ್ತು.